ಔಷಧಿ ಬಿಟ್ಟು ಕೈಯನ್ನು ನಂಬಿದ ವೈದ್ಯ: ಆಂಡ್ರ್ಯೂ ಟೇಲರ್ ಸ್ಟಿಲ್ ಬದುಕು ಮತ್ತು ನಿಮ್ಮ ಬೆನ್ನುನೋವು

ಆರು ತಿಂಗಳಿಂದ ಸೊಂಟನೋವು. ಮಾತ್ರೆ ನುಂಗಿದರೆ ಒಂದಷ್ಟು ಹೊತ್ತು ಆರಾಮ, ಆಮೇಲೆ ಮತ್ತೆ ಅದೇ ಪಾಡು. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬೀಳುತ್ತದೆ. ಮಂಚದ ಮೇಲೆ ಮಲಗಿದವರ ಬೆನ್ನನ್ನು ಯಾರೋ ಒಂದು ಬದಿಗೆ ತಿರುಗಿಸಿ ಒತ್ತುತ್ತಾರೆ, ಟಕ್ ಎಂದು ಸದ್ದಾಗುತ್ತದೆ, ರೋಗಿ ಎದ್ದು ಕೂತು ನಗುತ್ತಾರೆ. ಆಸ್ಟಿಯೋಪಥಿ, ಕೈರೋಪ್ರಾಕ್ಟಿಕ್ ಎಂಬ ಫಲಕಗಳು ಈಗ ಮುಂಬೈ, ಪುಣೆ, ಹೈದರಾಬಾದಿನಂಥ ಊರುಗಳಲ್ಲೂ ಕಾಣಿಸುತ್ತವೆ. ಹೋಗಬೇಕೇ, ಬೇಡವೇ?

ನಿರ್ಧಾರ ಮಾಡುವ ಮೊದಲು ಆಸ್ಟಿಯೋಪಥಿಯನ್ನು ಹುಟ್ಟುಹಾಕಿದ ಮನುಷ್ಯನ ಬದುಕನ್ನು ಒಮ್ಮೆ ನೋಡಿ. ಡಾ. ಆಂಡ್ರ್ಯೂ ಟೇಲರ್ ಸ್ಟಿಲ್ ಅಮೆರಿಕದವರು. ಔಷಧಗಳ ಮೇಲೆ ಅವರಿಗೆ ನಂಬಿಕೆಯೇ ಹೋಗಿತ್ತು. ಔಷಧಶಾಸ್ತ್ರ ಓದಿದ ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಅವರ ಕಾಲದ ಔಷಧದ ಪೆಟ್ಟಿಗೆಯಲ್ಲಿ ಏನಿತ್ತು ಎಂದು ನೋಡಿದರೆ ಸಿಟ್ಟು ಅರ್ಧ ಇಳಿಯುತ್ತದೆ. ಅವರು ಎಲ್ಲಿ ಸರಿಯಾಗಿದ್ದರು, ಎಲ್ಲಿ ತಪ್ಪಿದರು ಎಂಬುದು ಸ್ಪಷ್ಟವಾದರೆ ನಿಮ್ಮ ಬೆನ್ನುನೋವಿನ ಪ್ರಶ್ನೆಗೂ ಬಹುಪಾಲು ಉತ್ತರ ಸಿಕ್ಕಂತೆ.

ಹಗ್ಗದ ಮೇಲೆ ತಲೆಯಿಟ್ಟ ಹುಡುಗ

ಸ್ಟಿಲ್ ಹುಟ್ಟಿದ್ದು 1828ರ ಆಗಸ್ಟ್ 6ರಂದು, ವರ್ಜೀನಿಯಾ ರಾಜ್ಯದ ಲೀ ಕೌಂಟಿಯಲ್ಲಿ. ತಂದೆ ಅಬ್ರಾಮ್ ಸ್ಟಿಲ್ ಮೆಥಡಿಸ್ಟ್ ಪಂಥದ ಧರ್ಮಬೋಧಕರು, ಜೊತೆಗೆ ವೈದ್ಯರು. ಊರೂರು ಸುತ್ತಿ ಧರ್ಮಬೋಧನೆ ಮಾಡುತ್ತ, ಹೋದಲ್ಲಿ ರೋಗಿಗಳನ್ನೂ ನೋಡುತ್ತಿದ್ದರು. ಕುಟುಂಬ ವರ್ಜೀನಿಯಾದಿಂದ ಟೆನೆಸಿಗೆ, ಅಲ್ಲಿಂದ ಮಿಸೌರಿಗೆ ಹೋಯಿತು. ಆಗಿನ್ನೂ ಜನವಸತಿ ಕಡಿಮೆಯಿದ್ದ ಗಡಿನಾಡು ಅದು.

ಹತ್ತು ವರ್ಷದ ಆಸುಪಾಸಿನಲ್ಲಿ ನಡೆದ ಒಂದು ಘಟನೆಯನ್ನು ಸ್ಟಿಲ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡರು. ಒಂದು ದಿನ ವಿಪರೀತ ತಲೆನೋವು. ಎರಡು ಮರಗಳ ನಡುವೆ ಹಗ್ಗದಿಂದ ಜೋಕಾಲಿ ಕಟ್ಟಿದ್ದರು. ಅದನ್ನು ನೆಲದ ಹತ್ತಿರಕ್ಕೆ ಇಳಿಸಿ, ಹಗ್ಗದ ಮೇಲೆ ಕಂಬಳಿ ಮಡಿಸಿ ಹಾಕಿ, ಕತ್ತಿನ ಹಿಂಭಾಗವನ್ನು ಅದಕ್ಕೆ ಆನಿಸಿ ಮಲಗಿದರು. ಹಾಗೇ ನಿದ್ದೆ ಬಂತು. ಎದ್ದಾಗ ತಲೆನೋವು ಇರಲಿಲ್ಲ. ಮುಂದೆ ವರ್ಷಗಟ್ಟಲೆ ತಲೆನೋವು ಬಂದಾಗಲೆಲ್ಲ ಅದೇ ಉಪಾಯ ಮಾಡಿದರು.

ಕತ್ತಿನ ಸ್ನಾಯುಗಳ ಬಿಗಿತದಿಂದ ತಲೆನೋವು ಬರುವುದುಂಟು ಎಂದು ಇಂದು ನಮಗೆ ಗೊತ್ತು. ನೋವು ಒಂದು ಕಡೆ, ಅದನ್ನು ಕಡಿಮೆ ಮಾಡುವ ಜಾಗ ಇನ್ನೊಂದು ಕಡೆ ಇರಬಹುದು ಎಂಬುದನ್ನು ಆ ಹುಡುಗ ಅನುಭವದಿಂದ ಕಂಡುಕೊಂಡ.

ಪಾದರಸದ ಕಾಲ

ಸ್ಟಿಲ್ ವೈದ್ಯ ವಿದ್ಯೆಯನ್ನು ಕಲಿತದ್ದು ತಂದೆಯ ಜೊತೆ ಓಡಾಡಿ. ಆ ಕಾಲದ ಅಮೆರಿಕದಲ್ಲಿ ಬಹಳಷ್ಟು ವೈದ್ಯರು ಹೀಗೆಯೇ ತಯಾರಾಗುತ್ತಿದ್ದರು. 1853ರಲ್ಲಿ ಅವರು ಕಾನ್ಸಸ್‌ನ ವಾಕರೂಸ ಮಿಷನ್‌ಗೆ ಹೋಗಿ, ಅಲ್ಲಿದ್ದ ಶಾನೀ ಮೂಲನಿವಾಸಿಗಳಿಗೆ ತಂದೆಯೊಂದಿಗೆ ಚಿಕಿತ್ಸೆ ಕೊಡತೊಡಗಿದರು.

ಆಗಿನ ವೈದ್ಯರ ಕೈಯಲ್ಲಿದ್ದ ಮುಖ್ಯ ಔಷಧಗಳೆಂದರೆ ಕ್ಯಾಲೊಮೆಲ್, ಅಫೀಮು ಮತ್ತು ವಿಸ್ಕಿ. ಕ್ಯಾಲೊಮೆಲ್ ಪಾದರಸದ ಒಂದು ಲವಣ. ಜ್ವರ, ಭೇದಿ, ಕಾಲರಾ ಎಲ್ಲಕ್ಕೂ ಅದೇ. ಬಾಯಲ್ಲಿ ಜೊಲ್ಲು ಧಾರಾಕಾರ ಸುರಿಯತೊಡಗಿದರೆ ಔಷಧ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತಿದ್ದರು. ಅದು ಪಾದರಸದ ವಿಷ ಏರುತ್ತಿರುವ ಲಕ್ಷಣ ಎಂದು ಇಂದು ಫಾರ್ಮಸಿ ಓದುವ ಯಾವ ವಿದ್ಯಾರ್ಥಿಯೂ ಹೇಳಬಲ್ಲ. ಒಸಡು ಹುಣ್ಣಾಗುತ್ತಿತ್ತು, ಹಲ್ಲು ಉದುರುತ್ತಿದ್ದವು. ಹದಿಹರೆಯದಲ್ಲಿ ಸ್ಟಿಲ್ ಕೂಡ ಈ ಔಷಧ ತೆಗೆದುಕೊಂಡು ಹಲ್ಲು ಸಡಿಲಮಾಡಿಕೊಂಡವರೇ. 1863ರಲ್ಲಿ ಅಮೆರಿಕದ ಸೇನೆಯ ಮುಖ್ಯ ವೈದ್ಯಾಧಿಕಾರಿ ವಿಲಿಯಂ ಹ್ಯಾಮಂಡ್ ಕ್ಯಾಲೊಮೆಲ್ಲನ್ನು ಸೇನೆಯ ಔಷಧಪಟ್ಟಿಯಿಂದ ತೆಗೆದುಹಾಕಿದಾಗ ವೈದ್ಯರೇ ತಿರುಗಿಬಿದ್ದರು. ಅಷ್ಟು ಬೇರೂರಿದ್ದ ಔಷಧ ಅದು.

ಬೆನ್ನುನೋವಿಗಾದರೂ ಏನಿತ್ತು? ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬರಲು ಇನ್ನೂ ಬಹಳ ಕಾಲವಿತ್ತು. ನೋವು ತಡೆಯಲಾಗದಿದ್ದರೆ ಅಫೀಮು ಅಥವಾ ಮಾರ್ಫಿನ್. ನೋವು ಕಡಿಮೆಯಾಗುತ್ತಿತ್ತು, ಆದರೆ ಚಟ ಅಂಟಿಕೊಳ್ಳುತ್ತಿತ್ತು.

1864ರ ಸಾವುಗಳು

ಸ್ಟಿಲ್ ಗುಲಾಮಗಿರಿಯ ವಿರೋಧಿ. 1857ರಲ್ಲಿ ಕಾನ್ಸಸ್ ಪ್ರಾಂತ್ಯದ ಶಾಸನಸಭೆಗೆ ಆರಿಸಿ ಬಂದರು. ಅಂತರ್ಯುದ್ಧದಲ್ಲಿ ಉತ್ತರದ ಪರವಾಗಿ ದುಡಿದರು. ಮೊದಲ ಹೆಂಡತಿ ಮೇರಿ 1859ರಲ್ಲಿ ತೀರಿಕೊಂಡಿದ್ದರು. ಮರುವರ್ಷ ಮೇರಿ ಎಲ್ವೈರಾ ಟರ್ನರ್ ಅವರನ್ನು ಮದುವೆಯಾದರು.

1864ರಲ್ಲಿ ಆ ಭಾಗದಲ್ಲಿ ಮೆನಿಂಜೈಟಿಸ್, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಪೊರೆಗೆ ತಗಲುವ ಸೋಂಕು ಹರಡಿತು. ಸ್ಟಿಲ್ ಮನೆಯ ಮೂವರು ಮಕ್ಕಳು ಅದಕ್ಕೆ ಬಲಿಯಾದರು. ಅದರ ಬೆನ್ನಿಗೇ ಒಂದು ಹಸುಗೂಸು ನ್ಯುಮೋನಿಯಾದಿಂದ ಹೋಯಿತು. ಅವರು ಸ್ವತಃ ವೈದ್ಯರು. ಬೇರೆ ವೈದ್ಯರನ್ನೂ ಕರೆಸಿದ್ದರು. ಧರ್ಮಗುರುಗಳು ಪ್ರಾರ್ಥಿಸಿದರು. ಪೆಟ್ಟಿಗೆಯಲ್ಲಿದ್ದ ಔಷಧಗಳನ್ನೆಲ್ಲ ಕೊಟ್ಟು ನೋಡಿದ್ದಾಯಿತು. ಯಾವುದೂ ಫಲಿಸಲಿಲ್ಲ.

ಈ ಸಾವುಗಳ ಬಳಿಕ ಔಷಧಗಳ ಮೇಲೆ ಅವರಿಗಿದ್ದ ಅನುಮಾನ ಗಟ್ಟಿಯಾಯಿತು. ದೇವರು ಮನುಷ್ಯನ ದೇಹವನ್ನು ಸೃಷ್ಟಿಸಿದ್ದರೆ ಅದಕ್ಕೆ ಬೇಕಾದ ಮದ್ದನ್ನೂ ಅದರೊಳಗೇ ಇಟ್ಟಿರಬೇಕು ಎಂದು ಅವರು ಯೋಚಿಸತೊಡಗಿದರು. ಹಾಗಿದ್ದರೆ ವೈದ್ಯನ ಕೆಲಸ ಹೊರಗಿನಿಂದ ವಿಷ ತುಂಬುವುದಲ್ಲ, ಒಳಗಿನ ವ್ಯವಸ್ಥೆಗೆ ಬಂದಿರುವ ಅಡ್ಡಿಯನ್ನು ತೆಗೆಯುವುದು.

ಮೂಳೆಗಳ ಚೀಲ

ಅಡ್ಡಿ ಎಲ್ಲಿದೆ ಎಂದು ತಿಳಿಯಲು ಅವರು ಅಂಗರಚನೆಯ ಅಧ್ಯಯನಕ್ಕೆ ಇಳಿದರು. ಶಾನೀ ಜನರ ಸಮಾಧಿಗಳನ್ನು ಅಗೆದು ಅಸ್ಥಿಪಂಜರಗಳನ್ನು ಪರೀಕ್ಷಿಸಿದ್ದನ್ನು ಅವರೇ ದಾಖಲಿಸಿದ್ದಾರೆ. ತಾನು ಚಿಕಿತ್ಸೆ ಕೊಟ್ಟ ಸಮುದಾಯದ ಸಮಾಧಿಗಳನ್ನೇ ಹೀಗೆ ಬಳಸಿಕೊಂಡದ್ದು ಇಂದು ಯಾವ ಲೆಕ್ಕದಲ್ಲೂ ಒಪ್ಪಲಾಗದ ಕೆಲಸ. ಆದರೆ ಪ್ರತಿಯೊಂದು ಮೂಳೆಯನ್ನೂ ಕಣ್ಣು ಮುಚ್ಚಿ ಮುಟ್ಟಿ ಗುರುತಿಸುವಷ್ಟು ಪಳಗಿದ್ದು ಹೀಗೆ.

ಕೊನೆಗೆ ಒಂದು ಸಿದ್ಧಾಂತ ರೂಪುಗೊಂಡಿತು. ಬೆನ್ನುಮೂಳೆಯ ಕೀಲುಗಳು ಸ್ವಲ್ಪ ಜಾಗ ತಪ್ಪಿದರೂ ನರಗಳ ಮೇಲೆ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ರಕ್ತ ಸರಿಯಾಗಿ ಹರಿಯದ ಕಡೆ ರೋಗ ಹುಟ್ಟುತ್ತದೆ. ಕೈಯಿಂದ ಆ ಕೀಲನ್ನು ಸರಿಪಡಿಸಿದರೆ ದೇಹ ತಾನಾಗಿಯೇ ಗುಣವಾಗುತ್ತದೆ. ತಮಗೆ ಈ ಹೊಳಹು ಬಂದ ದಿನವನ್ನು ಅವರು 1874ರ ಜೂನ್ 22 ಎಂದು ಗುರುತಿಸಿಕೊಂಡರು.

ಕಾನ್ಸಸ್‌ನ ಬೇಕರ್ ವಿಶ್ವವಿದ್ಯಾಲಯಕ್ಕೆ ಜಾಗ ಕೊಟ್ಟವರಲ್ಲಿ ಸ್ಟಿಲ್ ಕುಟುಂಬವೂ ಒಂದು. ಅಲ್ಲಿ ತಮ್ಮ ವಿಚಾರ ಮಂಡಿಸಲು ಹೋದಾಗ ಅವರಿಗೆ ಅವಕಾಶ ಸಿಗಲಿಲ್ಲ. ಕೈಯಿಟ್ಟು ರೋಗ ವಾಸಿಮಾಡುವುದು ದೇವರ ಕೆಲಸಕ್ಕೆ ಕೈಹಾಕಿದಂತೆ ಎಂದು ಚರ್ಚಿನ ಕೆಲವರು ಮುನಿದರು. ಊರಿನಲ್ಲಿ ಮರ್ಯಾದೆ ಹೋಯಿತು. 1875ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದರು.

ಮುಂದಿನ ಹದಿನೈದು ವರ್ಷ ಕಷ್ಟದ ದಿನಗಳು. ಮೂಳೆಗಳ ಚೀಲ ಹೊತ್ತು, ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತೂರಿಸಿಕೊಂಡು ಊರಿಂದೂರಿಗೆ ಅಲೆದರು. ಕೆಲಕಾಲ ತಮ್ಮನ್ನು ಕಾಂತಚಿಕಿತ್ಸಕ ಎಂದು ಕರೆದುಕೊಂಡರು, ಇನ್ನು ಕೆಲಕಾಲ ಮಿಂಚಿನಂತೆ ಮೂಳೆ ಸರಿಪಡಿಸುವವನು ಎಂದು. ನಮ್ಮ ಹಳ್ಳಿಗಳಲ್ಲಿ ಉಳುಕು ತೆಗೆಯುವವರ ಹತ್ತಿರ ಹೋಗುವಂತೆ ಅಲ್ಲಿನ ಜನ ಇವರ ಹತ್ತಿರ ಬರುತ್ತಿದ್ದರು. ಕುತ್ತಿಗೆ ಹಿಡಿದವರು, ಭುಜ ಎತ್ತಲಾಗದವರು, ಬಗ್ಗಲಾಗದವರು. ಅವರಲ್ಲಿ ಅನೇಕರಿಗೆ ನಿಜಕ್ಕೂ ಆರಾಮವಾಗುತ್ತಿತ್ತು, ಸುದ್ದಿ ಬಾಯಿಂದ ಬಾಯಿಗೆ ಹಬ್ಬುತ್ತಿತ್ತು.

ಕರ್ಕ್ಸ್‌ವಿಲ್‌ಗೆ ಬಂದ ರೈಲುಗಳು

ತಮ್ಮ ಪದ್ಧತಿಗೆ ಅವರು ಆಸ್ಟಿಯೋಪಥಿ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ಮೂಳೆ ಮತ್ತು ನೋವು ಎಂಬ ಅರ್ಥದ ಎರಡು ಪದಗಳಿಂದ ಕಟ್ಟಿದ ಹೆಸರು. 1892ರ ಶರತ್ಕಾಲದಲ್ಲಿ ಕರ್ಕ್ಸ್‌ವಿಲ್‌ನ ಒಂದು ಚಿಕ್ಕ ಮರದ ಕಟ್ಟಡದಲ್ಲಿ ಮೊದಲ ಶಾಲೆ ತೆರೆಯಿತು. ವಿದ್ಯಾರ್ಥಿಗಳು ಇಪ್ಪತ್ತರ ಸುಮಾರು. ಸ್ಟಿಲ್ ಅವರ ಮಕ್ಕಳೂ ಅದರಲ್ಲಿದ್ದರು. ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. ಆ ಕಾಲದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದು ಇರಲಿಲ್ಲ. ಅಂಗರಚನೆ ಕಲಿಸಿದವರು ಎಡಿನ್‌ಬರೊದಲ್ಲಿ ಓದಿದ ವೈದ್ಯ ವಿಲಿಯಂ ಸ್ಮಿತ್. ಸಾಮಾನ್ಯ ವೈದ್ಯಕೀಯ ಪದವಿ ಕೊಡುವ ಹಕ್ಕಿದ್ದರೂ ಸ್ಟಿಲ್ ತಮ್ಮದೇ ಆದ ಡಿ.ಒ. ಪದವಿ ಕೊಟ್ಟರು.

ಕೆಲವೇ ವರ್ಷಗಳಲ್ಲಿ ರೋಗಿಗಳು ರೈಲು ಹತ್ತಿ ಕರ್ಕ್ಸ್‌ವಿಲ್‌ಗೆ ಬರತೊಡಗಿದರು. ಊರಿನಲ್ಲಿ ಹೋಟೆಲುಗಳು ಎದ್ದವು. 1895ರಲ್ಲಿ ಚಿಕಿತ್ಸಾಲಯದ ದೊಡ್ಡ ಕಟ್ಟಡ ಬಂತು. 1896ರಲ್ಲಿ ವರ್ಮಾಂಟ್ ರಾಜ್ಯ, ಮರುವರ್ಷ ಮಿಸೌರಿ ಈ ಪದ್ಧತಿಗೆ ಕಾನೂನಿನ ಮಾನ್ಯತೆ ಕೊಟ್ಟವು. ಅಷ್ಟರಲ್ಲಿ ಪಕ್ಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬುವರು 1895ರಲ್ಲಿ ಕೈರೋಪ್ರಾಕ್ಟಿಕ್ ಶುರುಮಾಡಿದ್ದರು. ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸುವುದು ಎರಡಕ್ಕೂ ಸಮಾನ, ಆದರೆ ಶಾಲೆಗಳು ಬೇರೆ.

ಸ್ಟಿಲ್ ಎಲ್ಲವನ್ನೂ ತಿರಸ್ಕರಿಸಿದವರಲ್ಲ. ಅಗತ್ಯವಿದ್ದಾಗ ಶಸ್ತ್ರಚಿಕಿತ್ಸೆ ಬೇಕು ಎಂದು ಒಪ್ಪುತ್ತಿದ್ದರು. ಅವರ ಜಗಳ ಇದ್ದದ್ದು ರೋಗಕ್ಕೆಂದು ಕುಡಿಸುವ ಔಷಧಗಳ ಜೊತೆ. 1917ರ ಡಿಸೆಂಬರ್ 12ರಂದು, 89ನೇ ವಯಸ್ಸಿನಲ್ಲಿ, ಕರ್ಕ್ಸ್‌ವಿಲ್‌ನಲ್ಲೇ ತೀರಿಕೊಂಡರು.

ತಪ್ಪಿದ್ದು ಎಲ್ಲಿ

ಸ್ಟಿಲ್ ಅವರ ಸಿದ್ಧಾಂತ ಸೊಂಟನೋವಿಗೆ ಸೀಮಿತವಾಗಿರಲಿಲ್ಲ. ಜ್ವರ, ಭೇದಿ, ಗಂಟಲು ರೋಗ, ಎಲ್ಲದರ ಮೂಲವೂ ಜಾಗ ತಪ್ಪಿದ ಮೂಳೆಗಳಲ್ಲೇ ಇದೆ ಎಂದು ಅವರು ನಂಬಿದ್ದರು. ರೋಗಾಣುಗಳ ವಿಜ್ಞಾನ ಅವರ ಕಣ್ಣೆದುರೇ ಬೆಳೆಯಿತು. ಅವರು ಮಾತ್ರ ತಮ್ಮ ನಂಬಿಕೆಯನ್ನು ಬಿಡಲಿಲ್ಲ.

1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರು ಅಮೆರಿಕದ ವೈದ್ಯಕೀಯ ಶಾಲೆಗಳ ಬಗ್ಗೆ ಪ್ರಸಿದ್ಧವಾದ ವರದಿ ಬರೆದು, ಆಸ್ಟಿಯೋಪಥಿ ಶಾಲೆಗಳನ್ನೂ ಕಟುವಾಗಿ ಟೀಕಿಸಿದರು. ಅವರ ಅಣ್ಣ ಸೈಮನ್ ಫ್ಲೆಕ್ಸ್‌ನರ್ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಜ್ಞಾನಿ. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಸೈಮನ್ ಕುದುರೆಯ ರಕ್ತದಿಂದ ತೆಗೆದ ಸೀರಂ ಬಳಸಿ, ಸಾಂಕ್ರಾಮಿಕವಾಗಿ ಹರಡುವ ಮೆನಿಂಜೈಟಿಸ್‌ಗೆ ಚಿಕಿತ್ಸೆ ಕೊಡುತ್ತಿದ್ದರು. ಅದರಿಂದ ಸಾವುಗಳು ಗಣನೀಯವಾಗಿ ಇಳಿದವು. 1930ರ ದಶಕದಲ್ಲಿ ಸಲ್ಫಾ ಔಷಧಗಳು, ನಂತರ ಪೆನಿಸಿಲಿನ್, ಅದಾದ ಮೇಲೆ ಲಸಿಕೆಗಳು ಬಂದವು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಯಾವ ರೋಗ ಸ್ಟಿಲ್ ಅವರ ಮನೆಯ ಮಕ್ಕಳನ್ನು ಕೊಂದು ಔಷಧಗಳ ಮೇಲಿನ ನಂಬಿಕೆಯನ್ನು ಮುರಿಯಿತೋ, ಆ ರೋಗಕ್ಕೆ ಔಷಧ ಅವರು ಬದುಕಿದ್ದಾಗಲೇ ಕಣ್ಣು ಬಿಡತೊಡಗಿತ್ತು. ಮೆನಿಂಜೈಟಿಸ್ ಬಂದ ಮಗುವಿಗೆ ಇಂದು ಯಾರಾದರೂ ಆಂಟಿಬಯಾಟಿಕ್ ಕೊಡದೆ ಬೆನ್ನು ನೀವುತ್ತಾ ಕೂತರೆ ಆ ಮಗು ಉಳಿಯುವುದು ಕಷ್ಟ. ಅದೇ ಹೊತ್ತಿನಲ್ಲಿ, ಸ್ಟಿಲ್ ದಿನನಿತ್ಯ ನೋಡುತ್ತಿದ್ದ ಸೊಂಟನೋವು, ಕುತ್ತಿಗೆನೋವುಗಳಿಗೆ ಇವತ್ತಿಗೂ ಪೂರ್ತಿ ವಾಸಿಮಾಡುವ ಮಾತ್ರೆ ಸಿಕ್ಕಿಲ್ಲ. ಅವರ ಕೈಗೆ ಇಂದಿಗೂ ಸ್ವಲ್ಪ ಜಾಗ ಉಳಿದಿರುವುದು ಇಲ್ಲಿ ಮಾತ್ರ.

ಅವರ ಶಿಷ್ಯರು ಇದನ್ನು ಅರ್ಥಮಾಡಿಕೊಂಡರು. ಸ್ಟಿಲ್ ತೀರಿಕೊಂಡ ಬಳಿಕ ಆಸ್ಟಿಯೋಪಥಿ ಕಾಲೇಜುಗಳ ಪಠ್ಯದಲ್ಲಿ ಔಷಧಶಾಸ್ತ್ರ ಸೇರಿತು. ಇಂದು ಅಮೆರಿಕದಲ್ಲಿ ಡಿ.ಒ. ಪದವಿ ಪಡೆದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್‌ನಲ್ಲಿ ಆಸ್ಟಿಯೋಪಾತ್ ಎಂದರೆ ನೋಂದಣಿಯಾದ ಕೈಚಿಕಿತ್ಸಕರು. ಆದ್ದರಿಂದ ಫಲಕದ ಮೇಲೆ ಆ ಹೆಸರು ಕಂಡಾಗ, ಆ ವ್ಯಕ್ತಿ ಎಲ್ಲಿ, ಎಷ್ಟು ವರ್ಷ ಏನು ಓದಿದ್ದಾರೆ ಎಂದು ನೀವು ಕೇಳಲೇಬೇಕು.

ಉಳಿದದ್ದು ಏನು

ಮೊದಲು ಆ ಟಕ್ ಸದ್ದಿನ ವಿಷಯ. ಅದು ಜಾಗ ತಪ್ಪಿದ ಮೂಳೆ ಮರಳಿ ಕೂರುವ ಸದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಅನಿಲದ ಗುಳ್ಳೆ ಉಂಟಾಗುವಾಗ ಬರುವ ಸದ್ದು. ಬೆರಳು ನಟಿಕೆ ಮುರಿದಾಗ ಆಗುವುದೂ ಅದೇ. ಸದ್ದು ಬಂತೆಂದರೆ ವಾಸಿಯಾಯಿತು, ಬರದಿದ್ದರೆ ಇಲ್ಲ ಎಂದಲ್ಲ.

ಹಾಗಿದ್ದರೆ ಆರಾಮ ಎನಿಸುವುದು ಏಕೆ? ಒತ್ತುವಿಕೆ, ನೀವುವಿಕೆ, ನಿಧಾನದ ಚಲನೆಗಳು ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತವೆ. ನೋವಿನ ಸಂಕೇತಗಳನ್ನು ನರಮಂಡಲ ಗ್ರಹಿಸುವ ರೀತಿ ಸ್ವಲ್ಪ ಹೊತ್ತು ಬದಲಾಗುತ್ತದೆ. ಬಗ್ಗಿದರೆ ಏನಾದೀತೋ ಎಂಬ ಭಯ ಕಡಿಮೆಯಾಗುತ್ತದೆ. ಒಬ್ಬರು ಅರ್ಧ ಗಂಟೆ ನಿಮ್ಮ ನೋವಿನ ಕಡೆಗೇ ಗಮನ ಕೊಡುವುದೂ ಸಣ್ಣ ಸಂಗತಿಯಲ್ಲ.

ಅಧ್ಯಯನಗಳು ಏನು ಹೇಳುತ್ತವೆ? 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೂರು ವಾರದಿಂದ ಆರು ತಿಂಗಳವರೆಗಿನ ಸೊಂಟನೋವಿದ್ದ 155 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಾಮಾನ್ಯ ಚಿಕಿತ್ಸೆ, ಇನ್ನೊಂದಕ್ಕೆ ಆಸ್ಟಿಯೋಪಥಿಯ ಕೈಚಿಕಿತ್ಸೆ. 12 ವಾರಗಳ ನಂತರ ಎರಡೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ. ಆದರೆ ಕೈಚಿಕಿತ್ಸೆ ಪಡೆದವರು ನೋವಿನ ಮಾತ್ರೆಗಳನ್ನು ಕಡಿಮೆ ಬಳಸಿದ್ದರು. 2021ರಲ್ಲಿ ಫ್ರಾನ್ಸಿನಲ್ಲಿ 400 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಅರ್ಧ ಜನರಿಗೆ ನಿಜವಾದ ಆಸ್ಟಿಯೋಪಥಿ, ಇನ್ನರ್ಧ ಜನರಿಗೆ ಹಗುರವಾಗಿ ಮುಟ್ಟುವ ತೋರಿಕೆಯ ಚಿಕಿತ್ಸೆ ಕೊಟ್ಟರು. ದಿನದ ಕೆಲಸ ಮಾಡುವ ಸಾಮರ್ಥ್ಯದಲ್ಲಿ ಸಣ್ಣ ವ್ಯತ್ಯಾಸ ಕಂಡಿತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಮಾನಸಿಕ ಬೆಂಬಲ ಇವುಗಳ ಜೊತೆಗೆ ಬೆನ್ನುಮೂಳೆಯ ಕೈಚಿಕಿತ್ಸೆ ಮತ್ತು ಮಸಾಜ್‌ಗೂ ಅದರಲ್ಲಿ ಜಾಗವಿದೆ. ಸೊಂಟದ ಬೆಲ್ಟು, ಟ್ರ್ಯಾಕ್ಷನ್, ಅಫೀಮಿನ ಜಾತಿಯ ನೋವುನಿವಾರಕಗಳು ವಾಡಿಕೆಯಾಗಿ ಬೇಡ ಎಂದಿದೆ. ಅಂದರೆ ಕೈಚಿಕಿತ್ಸೆ ಹಲವು ಉಪಾಯಗಳಲ್ಲಿ ಒಂದು. ಅದರ ಲಾಭ ಮಿತವಾದದ್ದು, ಬಹುಮಟ್ಟಿಗೆ ತಾತ್ಕಾಲಿಕ. ಆದರೂ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣು, ಕಿಡ್ನಿ, ರಕ್ತದೊತ್ತಡದ ತೊಂದರೆಗಳಿವೆ. ಅದನ್ನು ನೆನೆದರೆ, ಮಾತ್ರೆ ಕಡಿಮೆ ಮಾಡಿಸುವ ಈ ಮಿತವಾದ ಲಾಭಕ್ಕೂ ಬೆಲೆಯಿದೆ.

ಹೋಗುವ ಮುನ್ನ

ಮೊದಲು ವೈದ್ಯರಿಂದ ನೋವಿನ ಕಾರಣ ಖಚಿತಪಡಿಸಿಕೊಳ್ಳಿ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವಲ್ಲ, ಮತ್ತು ಅದಕ್ಕೆ ಬೇಕಾದದ್ದು ಔಷಧ, ಒತ್ತುವಿಕೆಯಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡವರು ಕೂಡ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮೂಳೆ ಸವೆತ ಇರುವವರು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು, ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರು ಬಲವಂತದ ಒತ್ತುವಿಕೆಗೆ ಮೈಯೊಡ್ಡಬಾರದು. ಹೋಗುವಾಗ ನಿಮ್ಮ ಮಾತ್ರೆಗಳ ಚೀಟಿಯನ್ನು ತೆಗೆದುಕೊಂಡು ಹೋಗಿ ತೋರಿಸಿ. ಕುತ್ತಿಗೆಯನ್ನು ಝಾಡಿಸಿ ತಿರುಗಿಸುವುದರಿಂದ ಅಪರೂಪಕ್ಕೆ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದುಂಟು. ಸೊಂಟನೋವಿಗೆ ಹೋದವರು ಕುತ್ತಿಗೆ ತಿರುಗಿಸಲು ಬಿಡಬೇಕಾದ ಅಗತ್ಯವೇ ಇಲ್ಲ.

ನಾಲ್ಕಾರು ಬಾರಿ ಹೋದ ಮೇಲೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ವರ್ಷಪೂರ್ತಿಯ ಪ್ಯಾಕೇಜಿಗೆ ಮುಂಗಡ ಹಣ ಕಟ್ಟಬೇಡಿ. ಆರಾಮ ಸಿಕ್ಕರೆ ಆ ಅವಧಿಯಲ್ಲಿ ನಡಿಗೆ, ವ್ಯಾಯಾಮ ಶುರುಮಾಡಿ. ಮುಂದೆ ನಿಮ್ಮ ಬೆನ್ನನ್ನು ಕಾಯುವುದು ಅವೇ. ಬೆನ್ನುಮೂಳೆ ಸರಿಪಡಿಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಎಲ್ಲ ಹೋಗುತ್ತದೆ, ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸ್ಟಿಲ್ ಹಾಗೆ ನಂಬಿದ್ದಕ್ಕೆ ಕಾರಣವಿತ್ತು. ಅವರ ಎದುರಿಗಿದ್ದ ಔಷಧ ಪಾದರಸ. ನಿಮ್ಮ ಎದುರಿಗಿರುವುದು ಪಾದರಸವಲ್ಲ.